ಒಂದು ಕಾಫಿಗೆ ಎಂಟು ಓಲೆ

ಬೆಂಗಳೂರಿನ ಜೀವನ್ ಬಿಮಾ ನಗರದ ದರ್ಶಿನಿಯೊಂದರಲ್ಲಿ ಕಾಫಿಗೆ ಇಪ್ಪತ್ತು ರೂಪಾಯಿ. ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದು ಪಿನ್ ಒತ್ತಿ, ಲೋಟಕ್ಕೆ ಕೈ ಚಾಚುವಷ್ಟರಲ್ಲಿ ಗಲ್ಲಾದ ಮೇಲಿನ ಪುಟ್ಟ ಸ್ಪೀಕರ್ ದುಡ್ಡು ಬಂತೆಂದು ಕೂಗುತ್ತದೆ. ಅಷ್ಟರೊಳಗೆ ನನ್ನ ಆ್ಯಪ್, ಯುಪಿಐ, ಅಂಗಡಿಯವರ ಆ್ಯಪ್, ಎರಡು ಬ್ಯಾಂಕುಗಳ ನಡುವೆ ಕನಿಷ್ಠ ಎಂಟು ಓಲೆಗಳು ಓಡಾಡಿರುತ್ತವೆ. ದುಡ್ಡು ಕಳಿಸಬೇಕು, ಈ ವಿಳಾಸ ಯಾರದು? ಇಂಥವರದು, ಇವರ ಖಾತೆಯಿಂದ ಕಳೆ, ಕಳೆದೆ, ಅವರಿಗೆ ಜಮಾ ಮಾಡು, ಮಾಡಿದೆ, ಮುಗಿಯಿತು.

2025ರ ಆಗಸ್ಟ್‌ನಲ್ಲಿ ಯುಪಿಐ ಮೊದಲ ಸಲ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು ದಾಟಿತು. ಸೆಕೆಂಡಿಗೆ ಸುಮಾರು 7,470. ಎಂಟರಿಂದ ಗುಣಿಸಿ: ಹತ್ತಿರಹತ್ತಿರ 60,000 ಓಲೆ, ಪ್ರತಿ ಸೆಕೆಂಡ್, ಊರು ಮಲಗಿರುವ ನಡುರಾತ್ರಿಯನ್ನೂ ಸೇರಿಸಿದ ಸರಾಸರಿ!

ಹಾಗಾದರೆ ಓಲೆ ಕಳಿಸುವ ಈ ಪ್ರೋಗ್ರಾಮ್‌ಗಳು ಯಾವ ಬಗೆಯಲ್ಲಿ ಮಾತಾಡಬೇಕು? 1984ರಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ ಒಂದು ಸೊಗಸಾದ ದಾರಿಯನ್ನು ವಿವರಿಸಿ ಬರೆದರು: ರಿಮೋಟ್ ಪ್ರೊಸೀಜರ್ ಕಾಲ್. ದೂರದ ಯಂತ್ರದ ಕೆಲಸವನ್ನೂ ತನ್ನೊಳಗಿನ ಕೆಲಸದಂತೆಯೇ ಕರೆಯುವುದು, ಉತ್ತರ ಬರುವವರೆಗೆ ಕಾಯುವುದು. ಪ್ರೋಗ್ರಾಮ್ ಬರೆಯುವವರಿಗೆ ಇದಕ್ಕಿಂತ ಹಾಯಾದ ಬಗೆ ಇಲ್ಲ. ಆದರೆ ದೂರ ದೂರವೇ. ಕಂಪ್ಯೂಟರ್ ತನ್ನದೇ ಮೆಮರಿಯಿಂದ ಒಂದು ಅಂಕಿ ತರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಗಾಜಿನೆಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಉದಾಹರಣೆಗೆ, ಮುಂಬೈ ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 840 ಕಿಲೋಮೀಟರ್. ಹೋಗಿ ಬರಲು 8.4 ಮಿಲಿಸೆಕೆಂಡ್, ಅದೂ ನಡುವೆ ಎಲ್ಲೂ ನಿಲ್ಲದಿದ್ದರೆ. ಗಡಿಯಾರವನ್ನು ನಿಧಾನಿಸಿ, ಮೆಮರಿಯ ಆ ಕೆಲಸಕ್ಕೆ ಒಂದು ಸೆಕೆಂಡ್ ಎಂದಿಟ್ಟುಕೊಳ್ಳೋಣ. ಮುಂಬೈಗೆ ಹೋಗಿ ಬರುವುದಕ್ಕೆ 84,000 ಸೆಕೆಂಡ್, ಅಂದರೆ 23 ಗಂಟೆ 20 ನಿಮಿಷ. ಹೆಚ್ಚುಕಡಿಮೆ ಉದ್ಯಾನ್ ಎಕ್ಸ್‌ಪ್ರೆಸ್ ರೈಲು ಬೆಂಗಳೂರಿನಿಂದ ಮುಂಬೈ ಸೇರಲು ಹಿಡಿಯುವಷ್ಟು ಹೊತ್ತು! ಲೆಕ್ಕ ಹಾಕಿದ ದಿನ ನಂಬಲಾಗದೆ ಮತ್ತೊಮ್ಮೆ ಗುಣಿಸಿ ನೋಡಿದೆ.

ಕಾಯುವುದರ ಬೆಲೆ ಇನ್ನೂ ದೊಡ್ಡದು. ಒಂದೊಂದು ವಹಿವಾಟೂ ಎರಡು ಸೆಕೆಂಡ್ ಕಾದರೆ ಯಾವ ಕ್ಷಣದಲ್ಲಿ ನೋಡಿದರೂ ಸುಮಾರು 15,000 ಕರೆಗಳು ತೆರೆದೇ ಇರುತ್ತವೆ. ಬ್ಯಾಂಕುಗಳು ತಡವರಿಸಿ 30 ಸೆಕೆಂಡ್ ಹಿಡಿದರೆ ಎರಡು ಲಕ್ಷಕ್ಕೂ ಹೆಚ್ಚು.

ಯುಪಿಐ ಆರಿಸಿಕೊಂಡದ್ದು ದರ್ಶಿನಿಯ ಟೋಕನ್ ಪದ್ಧತಿಯಂಥದ್ದು. ಮಸಾಲೆ ದೋಸೆಯ ಟೋಕನ್ ಕೊಟ್ಟು ನಾವು ಪಕ್ಕಕ್ಕೆ ಸರಿಯುತ್ತೇವೆ, ಹಿಂದಿನವರು ಮುಂದೆ ಬರುತ್ತಾರೆ, ದೋಸೆ ಆದಾಗ ಕೂಗುತ್ತಾರೆ. ಇಲ್ಲೂ ಓಲೆ ತಲುಪಿದ ಕೂಡಲೇ 'ಮುಟ್ಟಿತು' ಎಂಬ ರಸೀದಿ ಬರುತ್ತದೆ, ಆ ಕರೆ ಅಲ್ಲಿಗೆ ಮುಗಿಯುತ್ತದೆ. ನಿಜವಾದ ಉತ್ತರ ಆಮೇಲೆ ಬೇರೆಯಾಗಿ ಬರುತ್ತದೆ, ಅದೇ ವಹಿವಾಟಿನ ಗುರುತು ಹೊತ್ತು. ಉತ್ತರ ದಾರಿಯಲ್ಲಿ ಕಳೆದುಹೋದರೆ ಆ ಗುರುತು ಹಿಡಿದು 'ಏನಾಯಿತು' ಎಂದು ಕೇಳಬಹುದು. ಮತ್ತೆ ದುಡ್ಡು ಕಳೆಯಬೇಕಿಲ್ಲ. ಮೊಬೈಲ್‌ನಲ್ಲಿ 'ಪೆಂಡಿಂಗ್' ಎಂದು ಕಂಡಾಗ ಎದೆ ಧಸಕ್ಕೆನ್ನುವುದು ನನಗೂ ಗೊತ್ತು. ಆಗ ನನ್ನ ಇಪ್ಪತ್ತು ರೂಪಾಯಿಯನ್ನು ಕಾಯುತ್ತಿರುವುದು ಆ ಗುರುತೇ.

ರಸೀದಿಗಳನ್ನೂ ಎಣಿಸಿದರೆ ಒಂದು ಕಾಫಿಗೆ ಹದಿನಾರು ಓಲೆ, ದೇಶಕ್ಕೆ ಸೆಕೆಂಡಿಗೆ ಸುಮಾರು 1,20,000. ಸ್ಪೀಕರ್ ಮತ್ತೆ ಕೂಗಿತು. ಈ ಸಲ ನನ್ನ ಹಿಂದೆ ನಿಂತಿದ್ದವರ ಇಡ್ಲಿ ವಡೆಗೆ.