ಸೆಂಟಿನ ಸೀಸೆಯಲ್ಲಿ ಹೊಗೆಸೊಪ್ಪಿನ ಘಮ

ಕಾಲೇಜು ಮೆಟ್ಟಿಲು ಹತ್ತಿದ ಮಗ ಒಂದು ದಿನ ಕಂದು ಬಣ್ಣದ ಸೀಸೆಯೊಂದನ್ನು ಮನೆಗೆ ತರುತ್ತಾನೆ. ಮೇಲೆ ‘ಟೊಬ್ಯಾಕೊ’ ಎಂದು ದಪ್ಪ ಅಕ್ಷರದಲ್ಲಿ, ಕೆಳಗೆ ‘ವುಡ್’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ತಾಯಿಗೆ ಗಾಬರಿ, ತಂದೆಗೆ ಅನುಮಾನ. ಹೊಗೆಸೊಪ್ಪನ್ನು ಯಾರಾದರೂ ಮೈಗೆ ಹಚ್ಚಿಕೊಳ್ಳುತ್ತಾರೆಯೇ ಎಂದು ಅಜ್ಜಿ ಕೇಳುತ್ತಾರೆ. ಅಜ್ಜಿಯ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ಉತ್ತರ ಹುಡುಕಲು ಹೊರಟರೆ ರಸಾಯನ ವಿಜ್ಞಾನದ ಒಂದು ಒಳ್ಳೆಯ ಪಾಠವೇ ಸಿಗುತ್ತದೆ.

ಅಮೆರಿಕದ ಟಾಮ್ ಫೋರ್ಡ್ ಸಂಸ್ಥೆ 2007ರಲ್ಲಿ ‘ಟೊಬ್ಯಾಕೊ ವನೀಲ್’ ಎಂಬ ಸುಗಂಧವನ್ನು ಹೊರತಂದಿತು. ಅದು ದುಬಾರಿ ಸೀಸೆ. ಅದರ ಘಮವನ್ನು ಹೋಲುವ ಅಗ್ಗದ ಸೀಸೆಗಳು ಅನಂತರ ಅಂಗಡಿಗಳಿಗೆ ಬಂದವು. ಮುಚ್ಚಳ ತೆಗೆದು ಮೂಸಿ ನೋಡಿದವರಿಗೆ ಮೊದಲು ಲವಂಗ, ದಾಲ್ಚಿನ್ನಿಯಂಥ ಮಸಾಲೆಯ ಖಾರ. ಬಳಿಕ ಬೆಲ್ಲದ ಪಾಕ, ಒಣಗಿದ ಹುಲ್ಲು. ಎಲ್ಲಕ್ಕೂ ಕೊನೆಯಲ್ಲಿ ಅಜ್ಜನ ಕಾಲದ ಮರದ ಪೆಟ್ಟಿಗೆ ತೆರೆದಾಗ ಬರುವ ವಾಸನೆ. ಬೀಡಿ ಸಿಗರೇಟಿನ ಕಮಟು ಮಾತ್ರ ಎಳ್ಳಷ್ಟೂ ಇಲ್ಲ. ಇದೇಕೆ ಹೀಗೆ?

ಎಲೆ ಹಳದಿಯಾದಾಗ

ಉತ್ತರ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣಗಳಲ್ಲಿದೆ. ಅಲ್ಲಿನ ಕೆಂಪು ಮಣ್ಣಿನ ಹೊಲಗಳಲ್ಲಿ ಬೆಳೆದ ಹೊಗೆಸೊಪ್ಪನ್ನು ಕೋಲುಗಳಿಗೆ ಕಟ್ಟಿ, ‘ಬ್ಯಾರನ್’ ಎಂದು ಕರೆಯುವ ಎತ್ತರದ ಮನೆಗಳೊಳಗೆ ತೂಗುಹಾಕುತ್ತಾರೆ. ಹೊರಗೆ ಬೆಂಕಿ, ಒಳಗೆ ಬಿಸಿಗಾಳಿ. ಸುಮಾರು ಒಂದು ವಾರದ ಅವಧಿಯಲ್ಲಿ ಶಾಖವನ್ನು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ 70 ಡಿಗ್ರಿಯವರೆಗೆ ಹಂತಹಂತವಾಗಿ ಏರಿಸುತ್ತಾರೆ. ಹಸಿ ಎಲೆಗೆ ಹಸಿ ವಾಸನೆಯೇ. ಹದವಾದ ಎಲೆಗೆ ಜೇನಿನಂಥ ಸಿಹಿ ಘಮ ಬಂದಿರುತ್ತದೆ.

ಈ ಬದಲಾವಣೆಯ ಗುಟ್ಟು ಎಲೆಯ ಬಣ್ಣದಲ್ಲಿದೆ. ಮೊದಲು ಹಸಿರು ವರ್ಣಕ ಕ್ಲೋರೊಫಿಲ್ ಕರಗುತ್ತದೆ. ಅದರ ಹಿಂದೆ ಅಡಗಿದ್ದ ಕೆರೊಟಿನಾಯ್ಡ್‌ಗಳು, ಅಂದರೆ ಕ್ಯಾರೆಟ್ಟಿಗೆ ಬಣ್ಣ ಕೊಡುವ ವರ್ಣಕದ ಬಂಧುಗಳು, ಹಳದಿಯಾಗಿ ಕಾಣಿಸಿಕೊಳ್ಳುತ್ತವೆ. 40 ಇಂಗಾಲದ ಪರಮಾಣುಗಳ ಈ ಉದ್ದನೆಯ ಸರಪಳಿಗಳು ಹದಗೊಳ್ಳುವಾಗ ತುಂಡಾಗುತ್ತವೆ. ಅವುಗಳಿಂದ 13 ಇಂಗಾಲದ ಸಣ್ಣ ಅಣುಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದಾದ ಅಯೊನೋನ್ ವಯೊಲೆಟ್ ಹೂವಿನ ಪರಿಮಳಕ್ಕೂ, ಇನ್ನೊಂದಾದ ಡಮಸಿನೋನ್ ಗುಲಾಬಿಯ ಪರಿಮಳಕ್ಕೂ ಕಾರಣ. ಜೊತೆಗೆ ಎಲೆಯ ಪಿಷ್ಟ ಸಕ್ಕರೆಯಾಗಿ, ಆ ಸಕ್ಕರೆ ಅಮೈನೊ ಆಮ್ಲಗಳೊಡನೆ ಸೇರಿ ಕಂದು ಬಣ್ಣವನ್ನೂ ಹುರಿದ ಘಮವನ್ನೂ ತರುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವಾಗ ನಡೆಯುವುದೂ ಇದೇ ಕ್ರಿಯೆ.

ಇದೇ ಎಲೆಗೆ ಬೆಂಕಿ ಹಚ್ಚಿದರೆ ಕಥೆ ಬೇರೆ. ದಮ್ಮು ಎಳೆದಾಗ ಸಿಗರೇಟಿನ ತುದಿ 900 ಡಿಗ್ರಿಯಷ್ಟು ಕಾಯುತ್ತದೆ. ಆ ಶಾಖದಲ್ಲಿ ನವಿರಾದ ಅಣುಗಳು ಉಳಿಯುವುದು ಕಷ್ಟ. ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಬಟ್ಟೆಗೆ, ಕೂದಲಿಗೆ ಅಂಟಿಕೊಳ್ಳುವ ಕಮಟು ಅವುಗಳದ್ದು. ಸೀಸೆಯ ತಂಬಾಕು ಸುಡದ ಎಲೆಯ ತಂಬಾಕು. ಆದ್ದರಿಂದ ಮಗನ ಮೈಯಿಂದ ಈ ಸೆಂಟಿನ ಘಮ ಬಂದರೆ ಅವನು ಸಿಗರೇಟು ಸೇದುತ್ತಾನೆಂದು ತಂದೆ ತೀರ್ಮಾನಿಸಬೇಕಾಗಿಲ್ಲ. ಸೇದಿದ ವಾಸನೆಯನ್ನು ಇದರಿಂದ ಮುಚ್ಚಬಹುದೆಂದು ಮಗ ನಂಬಿದ್ದರೆ ಅದೂ ಸುಳ್ಳು. ಸೆಂಟು ಹೊಗೆಯ ಅಣುಗಳನ್ನು ತೆಗೆಯುವುದಿಲ್ಲ, ಅವುಗಳ ಪಕ್ಕದಲ್ಲಿ ತಾನೂ ಹೋಗಿ ಕೂರುತ್ತದೆ. ಎರಡೂ ಕೂಡಿದ ವಾಸನೆ ತಾಯಂದಿರಿಗೆ ಬೇಗ ಗೊತ್ತಾಗುತ್ತದೆ.

ಇನ್ನು ನಿಕೋಟಿನ್ನಿನ ಮಾತು. ಈ ವಿಷ ಚರ್ಮದ ಮೂಲಕವೂ ಒಳಹೋಗಬಲ್ಲದು. ಮಳೆಯಲ್ಲಿ, ಇಬ್ಬನಿಯಲ್ಲಿ ತೊಯ್ದ ಹಸಿ ಹೊಗೆಸೊಪ್ಪು ಮುರಿಯುವ ಕೂಲಿಕಾರರಿಗೆ ವಾಂತಿ, ತಲೆಸುತ್ತು ಬರುವುದುಂಟು. ವೈದ್ಯರು ಅದಕ್ಕೆ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ಹಾಗಾದರೆ ಸೀಸೆಯದ್ದು? ಎಲೆಯಿಂದ ತೆಗೆದ ಸಾರದಿಂದ ನಿಕೋಟಿನನ್ನು ಬೇರ್ಪಡಿಸುವ ವಿಧಾನಗಳಿವೆ. ಅದಕ್ಕಿಂತ ಮುಖ್ಯವಾಗಿ, ‘ಟೊಬ್ಯಾಕೊ’ ಎಂದು ಬರೆದ ಬಹಳಷ್ಟು ಸೀಸೆಗಳಲ್ಲಿ ತಂಬಾಕಿನ ಎಲೆಯೇ ಇರುವುದಿಲ್ಲ. ಬೇರೆ ಬೇರೆ ವಸ್ತುಗಳನ್ನು ಕೂಡಿಸಿ ತಂಬಾಕಿನ ಭ್ರಮೆ ಹುಟ್ಟಿಸಿರುತ್ತಾರೆ. ಆ ವಸ್ತುಗಳಲ್ಲಿ ಮುಖ್ಯವಾದದ್ದು ಕೂಮರಿನ್.

ಹೊಸದಾಗಿ ಕೊಯ್ದ ಹುಲ್ಲನ್ನು ಬಿಸಿಲಿಗೆ ಹರಡಿದಾಗ ಬರುವ ಸಿಹಿ ವಾಸನೆ ಕೂಮರಿನ್ನಿನದು. ದಕ್ಷಿಣ ಅಮೆರಿಕದ ಟೊಂಕಾ ಮರದ ಬೀಜದಲ್ಲಿ ಇದು ಹೇರಳ. ಇಂಗ್ಲೆಂಡಿನ ವಿಲಿಯಂ ಪರ್ಕಿನ್ 1868ರಲ್ಲಿ ಇದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದ. 1856ರಲ್ಲಿ, ಕೇವಲ 18ರ ಹರೆಯದಲ್ಲಿ, ನೇರಳೆ ಬಣ್ಣದ ಮೊದಲ ಕೃತಕ ರಂಗನ್ನು ಕಂಡುಹಿಡಿದವನೂ ಇವನೇ. ಕೃತಕ ಕೂಮರಿನ್ ಬಳಸಿ 1882ರಲ್ಲಿ ಪ್ಯಾರಿಸ್ಸಿನಲ್ಲಿ ‘ಫೂಜೆರ್ ರಾಯಲ್’ ಎಂಬ ಸುಗಂಧ ತಯಾರಾಯಿತು. ಗಂಡಸರ ಸೆಂಟು, ಶೇವಿಂಗ್ ಸೋಪುಗಳ ಒಂದು ದೊಡ್ಡ ವಂಶಕ್ಕೆ ಅದು ಮೂಲಪುರುಷ. ವೆನಿಲಾದ ವ್ಯಾನಿಲಿನ್ ಕೂಡ ಹೀಗೆಯೇ. ಅದನ್ನು 1874ರಲ್ಲಿ ಜರ್ಮನಿಯಲ್ಲಿ ಪೈನ್ ಮರದ ರಸದಿಂದ ಪಡೆದರು. ಮರಕ್ಕೂ ವೆನಿಲಾಕ್ಕೂ ಎಲ್ಲಿಯ ನಂಟು ಎನ್ನುವವರು ಗ್ರಂಥಾಲಯದ ಹಳೆಯ ಪುಸ್ತಕವೊಂದನ್ನು ತೆರೆದು ಮೂಸಬಹುದು. ಮರವನ್ನು ಗಟ್ಟಿಗೊಳಿಸುವ ಲಿಗ್ನಿನ್ ಕಾಗದದಲ್ಲೂ ಉಳಿದಿರುತ್ತದೆ. ಅದು ಒಡೆದಾಗ ವ್ಯಾನಿಲಿನ್ ಬಿಡುಗಡೆಯಾಗುತ್ತದೆ.

ಮರದ ಪಾಲು

ಸೀಸೆಯ ಮೇಲಿನ ‘ವುಡ್’ ಎಂದರೆ ಸಾಮಾನ್ಯವಾಗಿ ದೇವದಾರು, ಶ್ರೀಗಂಧ, ಅಗರು ಮುಂತಾದವು. ಇವುಗಳಲ್ಲಿ ಶ್ರೀಗಂಧದ ಮಾತು ಬಂದರೆ ಕನ್ನಡಿಗರ ಕಿವಿ ನೆಟ್ಟಗಾಗುವುದು ಸಹಜ. ಮೊದಲ ಮಹಾಯುದ್ಧಕ್ಕೆ ಮುನ್ನ ಮೈಸೂರು ಸೀಮೆಯ ಗಂಧದ ಕೊರಡುಗಳು ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧದಿಂದ ಸಾಗಣೆ ನಿಂತಿತು. ಕೊರಡು ಗೋದಾಮಿನಲ್ಲಿ ರಾಶಿಬಿದ್ದಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ ವಿಶ್ವೇಶ್ವರಯ್ಯನವರ ಕಾಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ನಮ್ಮಲ್ಲೇ ಶುರುವಾಯಿತು. ಪ್ಯಾರಿಸ್ಸಿನ ಸುಗಂಧಗಾರರಿಗೆ ‘ಮೈಸೂರು’ ಎಂಬುದು ಊರಿನ ಹೆಸರಾಗಿರದೆ ಒಂದು ಗುಣಮಟ್ಟದ ಹೆಸರಾಗಿಬಿಟ್ಟಿತು.

ಎಣ್ಣೆ ಇರುವುದು ಮರದ ತಿರುಳಿನಲ್ಲಿ ಮತ್ತು ಬೇರಿನಲ್ಲಿ. ತಿರುಳು ಚೆನ್ನಾಗಿ ಬಲಿಯಲು ಹದಿನೈದು ಇಪ್ಪತ್ತು ವರ್ಷಗಳಾದರೂ ಬೇಕು. ಅಷ್ಟರಲ್ಲಿ ರೋಗ, ಅದಕ್ಕಿಂತ ಮೊದಲೇ ಕಳ್ಳರು. ಬಹಳ ಕಾಲ ರೈತನ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ಕಾವಲು ಕಾಯುವ ತಾಪತ್ರಯ ಮಾತ್ರ ರೈತನಿಗೆ. ಹೀಗಿರುವಾಗ ಯಾರು ತಾನೇ ಬೆಳೆದಾರು? 2001ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಮರದ ಒಡೆತನವನ್ನು ಜಮೀನಿನ ಒಡೆಯನಿಗೆ ಕೊಡಲಾಯಿತು. ಅಷ್ಟು ಹೊತ್ತಿಗೆ ಕಾಡಿನ ಗಂಧ ಬಹುಪಾಲು ಬರಿದಾಗಿತ್ತು. ಆಸ್ಟ್ರೇಲಿಯದವರು ಅದೇ ಜಾತಿಯ ಮರವನ್ನು ತಮ್ಮಲ್ಲಿ ತೋಪು ತೋಪಾಗಿ ನೆಟ್ಟಿದ್ದಾರೆ. ಅಗ್ಗದ ಸೀಸೆಗಳಲ್ಲಿ ಶ್ರೀಗಂಧವೆಂದು ಮೂಗಿಗೆ ಬಡಿಯುವುದು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದ ಅಣುಗಳು. ಅದರಲ್ಲಿ ಮೋಸವೇನೂ ಇಲ್ಲ. ಉಳಿದಿರುವ ಮರಗಳ ದೃಷ್ಟಿಯಿಂದ ಅದು ಒಳ್ಳೆಯದೇ.

ಗಂಡಸರಿಗೆ ಇಂಥ ವಾಸನೆ, ಹೆಂಗಸರಿಗೆ ಹೂವಿನ ವಾಸನೆ ಎಂಬುದು ಮಾತ್ರ ವ್ಯಾಪಾರಿಗಳ ವಿಂಗಡಣೆ. ತಂಬಾಕಿನ ಹೆಸರು ಹೊತ್ತ ಪ್ರಸಿದ್ಧ ಫ್ರೆಂಚ್ ಸುಗಂಧ ‘ತಬಾ ಬ್ಲೋಂ’ 1919ರಲ್ಲಿ ಹೊರಬಂದದ್ದು ಹೆಂಗಸರಿಗಾಗಿ. ನಮ್ಮ ಅಪ್ಪಂದಿರ ಕಾಲದ ಗಡ್ಡ ಕ್ಷೌರದ ಗುರುತಾದ ‘ಓಲ್ಡ್ ಸ್ಪೈಸ್’ ಕೂಡ 1937ರಲ್ಲಿ ಮೊದಲು ಹೆಂಗಸರಿಗೆಂದೇ ತಯಾರಾಗಿ, ಮರುವರ್ಷ ಗಂಡಸರ ಪಾಲಿಗೆ ಬಂತು. ಇತ್ತ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನು ಮೈಗೆ ಪೂಸಿಕೊಳ್ಳುವ ಗಂಧಲೇಪನಗಳಿಗೆ, ಧೂಪಕ್ಕೆ ಬೇರೆ ಬೇರೆ ಭಾಗಗಳೇ ಇವೆ. ಗಂಧ ಅಗರುಗಳು ಅಷ್ಟು ಹಳೆಯವು. ತಂಬಾಕು ಆಗಿನ್ನೂ ಈ ದೇಶಕ್ಕೆ ಬಂದಿರಲಿಲ್ಲ. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಬಿಜಾಪುರದಲ್ಲಿ ಅದನ್ನು ಕಂಡು, ಅಚ್ಚರಿಪಟ್ಟು, ಬಾದಶಹನ ಆಸ್ಥಾನಕ್ಕೆ ಒಯ್ದ.

ಎಷ್ಟು ಹಾಕಿಕೊಳ್ಳಬೇಕು?

ಮನೆಮಂದಿಗೂ ಸಹಪಾಠಿಗಳಿಗೂ ನಿಜವಾದ ಸಮಸ್ಯೆ ಇರುವುದು ಇಲ್ಲಿ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಸೀಸೆಯಲ್ಲಿ ಬಹುಪಾಲು ತುಂಬಿರುವ ಆಲ್ಕೊಹಾಲ್ 78 ಡಿಗ್ರಿಯಲ್ಲಿ, ಕಿತ್ತಳೆ ಸಿಪ್ಪೆಯ ಲಿಮೊನೀನ್ 176ರಲ್ಲಿ, ಲವಂಗದ ಯೂಜಿನಾಲ್ 254ರಲ್ಲಿ, ವ್ಯಾನಿಲಿನ್ 285ರಲ್ಲಿ. ಕೂಮರಿನ್ ಹಾಗೂ ಗಂಧದ ಸ್ಯಾಂಟಲಾಲ್ ಕುದಿಯಲು ಸುಮಾರು 300 ಡಿಗ್ರಿ ಬೇಕು. ನಮ್ಮ ಚರ್ಮದ ಶಾಖ 33 ಡಿಗ್ರಿ ಆಸುಪಾಸು. ಅದರ ಮೇಲೆ ಇವು ಯಾವುವೂ ಕುದಿಯುವುದಿಲ್ಲ. ಆದರೆ ಒದ್ದೆ ಬಟ್ಟೆ ನೆರಳಿನಲ್ಲೂ ಒಣಗುವಂತೆ ಆವಿಯಾಗುತ್ತಲೇ ಇರುತ್ತವೆ. ಕುದಿಬಿಂದು ಎತ್ತರವಾದಷ್ಟೂ ಆವಿಯಾಗುವುದು ನಿಧಾನ. ನಿಂಬೆ, ಕಿತ್ತಳೆಯ ಘಮ ಅರ್ಧ ಗಂಟೆಯಲ್ಲಿ ಮಾಯವಾದರೆ ತಂಬಾಕು, ಮರದ ಘಮ ಬೆಳಗಿನಿಂದ ಸಂಜೆಯವರೆಗೂ, ಬಟ್ಟೆಯ ಮೇಲಾದರೆ ಮರುದಿನದವರೆಗೂ ಇರುತ್ತದೆ.

ಮೂಗಿನ ಸ್ವಭಾವ ಇದಕ್ಕೆ ವಿರುದ್ಧ. ಅದು ಬದಲಾವಣೆಯನ್ನು ಗುರುತಿಸುತ್ತದೆ, ಒಂದೇ ಸಮನೆ ಇರುವುದನ್ನು ಕೆಲವೇ ನಿಮಿಷಗಳಲ್ಲಿ ಮರೆತುಬಿಡುತ್ತದೆ. ಒಗ್ಗರಣೆ ಹಾಕುತ್ತಿರುವವರಿಗೆ ಇಂಗಿನ ವಾಸನೆ ಗೊತ್ತಾಗುವುದಿಲ್ಲ, ಬೀದಿಯಲ್ಲಿ ಹೋಗುವವರಿಗೆ ಗೊತ್ತಾಗುತ್ತದೆ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಅವುಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್‌ರಿಗೆ 2004ರ ನೊಬೆಲ್ ಪಾರಿತೋಷಕ ಬಂತು. ಈ ಗ್ರಾಹಕಗಳು ಎಲ್ಲರಲ್ಲೂ ಒಂದೇ ತೆರನಾಗಿಲ್ಲ. ಕೆಲವು ಭಾರವಾದ ಅಣುಗಳು ಒಬ್ಬರಿಗೆ ಜೋರಾಗಿ ಬಡಿದರೆ ಇನ್ನೊಬ್ಬರಿಗೆ ತಿಳಿಯುವುದೇ ಇಲ್ಲ.

ಹುಡುಗ ಬೆಳಿಗ್ಗೆ ಎರಡು ಸಲ ಒತ್ತುತ್ತಾನೆ. ಹತ್ತು ನಿಮಿಷಕ್ಕೆ ಅವನಿಗೆ ಏನೂ ಗೊತ್ತಾಗುವುದಿಲ್ಲ. ಸೆಂಟು ಹಾರಿಹೋಯಿತೆಂದು ಮತ್ತೆ ನಾಲ್ಕು ಸಲ ಒತ್ತುತ್ತಾನೆ. ಬಸ್ಸಿನಲ್ಲಿ ಪಕ್ಕದವರು ಕಿಟಕಿ ತೆರೆಯುತ್ತಾರೆ. ತರಗತಿಯಲ್ಲಿ ಅಸ್ತಮಾ ಇರುವ ಸಹಪಾಠಿಗೆ ಕೆಮ್ಮು ಹತ್ತುತ್ತದೆ, ಅರೆತಲೆನೋವಿನವರು ಹಣೆ ಹಿಡಿದುಕೊಳ್ಳುತ್ತಾರೆ. ಕಿಟಕಿ ಮುಚ್ಚಿದ ಪರೀಕ್ಷಾ ಕೊಠಡಿಯಲ್ಲಿ ಮೂರು ಗಂಟೆ ಕೂರಬೇಕಾದವರ ಪಾಡು ಕೇಳುವುದೇ ಬೇಡ. ತಪ್ಪು ಮಾಡಿದವನಿಗೆ ತಪ್ಪು ತಿಳಿಯಲು ಅವನ ಮೂಗೇ ಬಿಡುವುದಿಲ್ಲ.

ಒಂದು ಲೆಕ್ಕ ನೋಡಿ. ಒಮ್ಮೆ ಒತ್ತಿದರೆ ಹೊರಬರುವುದು ಹೆಚ್ಚುಕಡಿಮೆ 0.1 ಮಿಲಿಲೀಟರ್. 50 ಮಿಲಿಲೀಟರಿನ ಸೀಸೆಯಲ್ಲಿ ಸುಮಾರು 500 ಒತ್ತು. ದಿನಕ್ಕೆ ಎರಡರಂತೆ 250 ದಿನ, ಹೆಚ್ಚುಕಡಿಮೆ ಒಂದು ಶೈಕ್ಷಣಿಕ ವರ್ಷ ಬರಬೇಕು. ಒಂದೇ ತಿಂಗಳಲ್ಲಿ ಸೀಸೆ ಬರಿದಾದರೆ ದಿನಕ್ಕೆ 16 ಸಲ ಒತ್ತಿದಂತಾಯಿತು.

ಈ ಬಗೆಯ ಸುಗಂಧಕ್ಕೆ ಒಂದು ಒತ್ತು ಸಾಕು, ಹೆಚ್ಚೆಂದರೆ ಎರಡು. ಸ್ನಾನ ಮಾಡಿ ಒರೆಸಿದ ಚರ್ಮಕ್ಕೆ, ಅಂಗಿಯ ಒಳಗೆ ಎದೆಯ ಮೇಲೆ ಹಾಕಿದರೆ ನಿಧಾನವಾಗಿ ಹೊರಬರುತ್ತದೆ. ಬೆವರಿನ ಮೇಲೆ ಹಾಕಿ ಪ್ರಯೋಜನವಿಲ್ಲ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಇದು ಹೇಳಿದ್ದಲ್ಲ. ಶಾಖ ಹೆಚ್ಚಿದಂತೆ ಭಾರದ ಅಣುಗಳೂ ಒಟ್ಟಿಗೆ ಏಳುತ್ತವೆ, ಸಿಹಿ ವಾಕರಿಕೆ ತರಿಸುತ್ತದೆ. ಡಿಸೆಂಬರಿನ ಚಳಿಗೆ, ಮಲೆನಾಡಿನ ಮಳೆಗಾಲಕ್ಕೆ ಹೊಂದುತ್ತದೆ. ಯೂಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್, ಕೂಮರಿನ್ ಇವು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಯುರೋಪಿನಲ್ಲಿ 2003ರ ನಿಯಮದಂತೆ ಇಂಥ 26 ವಸ್ತುಗಳ ಹೆಸರನ್ನು ಪೊಟ್ಟಣದ ಮೇಲೆ ಮುದ್ರಿಸಬೇಕಾಯಿತು. ಮೊದಲ ಸಲ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾದು ನೋಡುವುದು ಒಳ್ಳೆಯದು. ಆಲ್ಕೊಹಾಲಿಗೆ ಬೆಂಕಿ ಬೇಗ ಹತ್ತುವುದರಿಂದ ದೇವರ ದೀಪದ ಮುಂದೆ, ಒಲೆಯ ಬಳಿ ಒತ್ತಲೇಬಾರದು.

ವಿದ್ಯಾರ್ಥಿಗಳು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ. ಬಿಳಿ ಕಾಗದದ ಮೂರು ಪಟ್ಟಿಗಳನ್ನು ಕತ್ತರಿಸಿ. ಒಂದಕ್ಕೆ ಕಿತ್ತಳೆ ಸಿಪ್ಪೆಯನ್ನು ಹಿಂಡಿ, ಇನ್ನೊಂದಕ್ಕೆ ಲವಂಗದ ಎಣ್ಣೆ, ಮೂರನೆಯದಕ್ಕೆ ಗಂಧದೆಣ್ಣೆ ಒಂದೊಂದು ಹನಿ ಹಾಕಿ. ಹತ್ತು ನಿಮಿಷಕ್ಕೊಮ್ಮೆ ಮೂಸಿ ಹೊತ್ತನ್ನು ಬರೆದಿಡಿ. ಯಾವ ವಾಸನೆ ಯಾವಾಗ ಹೋಯಿತೆಂದು ನಿಮಗೆ ಅನ್ನಿಸಿದರೂ ಕೂಡಲೇ ಹೊರಗಿನಿಂದ ಬಂದವರೊಬ್ಬರ ಕೈಗೆ ಆ ಪಟ್ಟಿಯನ್ನು ಕೊಟ್ಟು ಕೇಳಿ, ಅವರ ಉತ್ತರವನ್ನೂ ಪಕ್ಕದ ಕಾಲಮ್ಮಿನಲ್ಲಿ ಬರೆಯಿರಿ. ಗಂಧದೆಣ್ಣೆಯ ಪಟ್ಟಿಯನ್ನು ಮಾತ್ರ ಮರುದಿನ ಬೆಳಿಗ್ಗೆಯವರೆಗೂ ಎಸೆಯಬೇಡಿ.