ಉದರದ ಕ್ಯಾಸಲ್‌ಮನ್ ವ್ಯಾಧಿಯಲ್ಲಿ ಕಿರುಛೇದ ಶಸ್ತ್ರಚಿಕಿತ್ಸೆ

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ಬೆಂಜಮಿನ್ ಕ್ಯಾಸಲ್‌ಮನ್ ಮತ್ತು ಸಂಗಡಿಗರು 1956ರಲ್ಲಿ 13 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಎದೆಗೂಡಿನ ನಡುಭಾಗದ ದುಗ್ಧಗ್ರಂಥಿಗಳು ಥೈಮಸ್ ಗೆಡ್ಡೆಯೆಂಬ ಭ್ರಮೆ ಹುಟ್ಟಿಸುವಷ್ಟು ಅವರಲ್ಲಿ ಬೆಳೆದಿದ್ದವು. ವ್ಯಾಧಿಗೆ ಕ್ಯಾಸಲ್‌ಮನ್‌ರ ಹೆಸರೇ ನಿಂತಿತು. ಇದು ಉದರದಲ್ಲಿ, ಅಂದರೆ ಕರುಳನ್ನು ಹಿಡಿದಿರುವ ಪೊರೆಯಲ್ಲೋ ಮೂತ್ರಪಿಂಡಗಳ ಆಸುಪಾಸಿನಲ್ಲೋ ಕಾಣಿಸಿಕೊಳ್ಳುವುದು ಇನ್ನೂ ವಿರಳ.

ಬಹುಕೇಂದ್ರೀಯ ಪ್ರಭೇದವು ದೇಹದ ಹಲವೆಡೆಯ ಗ್ರಂಥಿಗಳನ್ನು ವ್ಯಾಪಿಸುವುದರಿಂದ ಅದಕ್ಕೆ ಔಷಧೋಪಚಾರವೇ ಮುಖ್ಯ. ಏಕಕೇಂದ್ರೀಯ ಪ್ರಭೇದದಲ್ಲಾದರೋ ಗೆಡ್ಡೆಯನ್ನು ಪೂರ್ಣವಾಗಿ ತೆಗೆದರೆ ರೋಗಿ ಸಾಮಾನ್ಯವಾಗಿ ಗುಣಹೊಂದುತ್ತಾನೆ. ತೊಡಕಿರುವುದು ರೋಗನಿರ್ಣಯದಲ್ಲಿ. ಎಷ್ಟೋ ವೇಳೆ ಬೇರಾವುದೋ ಕಾರಣಕ್ಕೆ ಮಾಡಿಸಿದ ಸಿ.ಟಿ. ಸ್ಕ್ಯಾನಿನಲ್ಲಿ ಗೆಡ್ಡೆ ಗೋಚರಿಸುತ್ತದೆ. ಕ್ಷಯ ವ್ಯಾಪಕವಾಗಿರುವ ನಮ್ಮ ನಾಡಿನಲ್ಲಿ ಉದರದ ಗ್ರಂಥಿ ಊದಿದೆಯೆಂದರೆ ಮೊದಲ ಗುಮಾನಿ ಕ್ಷಯದ ಮೇಲೆಯೇ. ಅನಂತರ ಲಿಂಫೋಮದ ಮೇಲೆ. ಸೂಜಿಯಿಂದ ಹೀರಿದ ಕೆಲವು ಕಣಗಳು ಈ ಸಂದೇಹವನ್ನು ಪರಿಹರಿಸಲಾರವು. ಕುಗ್ಗಿದ ಕೇಂದ್ರ, ಅದರ ಸುತ್ತ ಈರುಳ್ಳಿಯ ಪದರಗಳಂತೆ ಜೋಡಣೆಗೊಂಡ ಲಿಂಫೋಸೈಟುಗಳು, ನಡುವೆ ತೂರಿಬರುವ ರಕ್ತನಾಳ: ಈ ವಿನ್ಯಾಸ ಕಾಣಬೇಕಾದರೆ ಗ್ರಂಥಿಯೇ ಇಡಿಯಾಗಿ ಬೇಕು. ಎಂದರೆ ಶಸ್ತ್ರವೈದ್ಯನು ಅನೇಕ ಸಲ ಹೆಸರು ತಿಳಿಯದ ಗೆಡ್ಡೆಯನ್ನೇ ತೆಗೆಯಹೊರಡುತ್ತಾನೆ. ಪ್ಯಾರಾಗ್ಯಾಂಗ್ಲಿಯೋಮ ಎಂಬ ಗೆಡ್ಡೆಯೂ ಸ್ಕ್ಯಾನಿನಲ್ಲಿ ಹೀಗೆಯೇ ಹೊಳೆಯುತ್ತದೆ. ಅದನ್ನು ಮುಟ್ಟಿದೊಡನೆ ರಕ್ತದೊತ್ತಡ ಅಪಾಯಕರವಾಗಿ ಏರಬಹುದಾದ್ದರಿಂದ ಮೆಟನೆಫ್ರಿನ್ ಪರೀಕ್ಷೆಯನ್ನು ಮುಂಚಿತವಾಗಿ ಮಾಡಿಸುವುದು ವಿಹಿತ.

ಲ್ಯಾಪರೋಸ್ಕೋಪಿಯಲ್ಲಿ ಉದರವನ್ನು ಇಂಗಾಲದ ಡೈಆಕ್ಸೈಡಿನಿಂದ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಉಬ್ಬಿಸಿ, 5ರಿಂದ 12 ಮಿಲಿಮೀಟರಿನ ರಂಧ್ರಗಳ ಮೂಲಕ ಕ್ಯಾಮೆರಾವನ್ನೂ ಉಪಕರಣಗಳನ್ನೂ ಒಳಬಿಡುತ್ತಾರೆ. ನೋವು ಕಡಿಮೆ, ಚೇತರಿಕೆ ಶೀಘ್ರ. ಆದರೆ ಈ ಗೆಡ್ಡೆ ರಕ್ತನಾಳಗಳ ಗೂಡು; ಸುತ್ತಲ ಅಂಗಾಂಶಕ್ಕೆ ಅಂಟಿಕೊಂಡಿರುವುದೂ ಉಂಟು. ಆದುದರಿಂದ ಅದನ್ನು ಪೋಷಿಸುವ ನಾಳಗಳನ್ನು ಮೊದಲು ಗುರುತಿಸಿ ಮುಚ್ಚಬೇಕು. ಬೇರ್ಪಟ್ಟ ಗೆಡ್ಡೆಯನ್ನು ಚೀಲದೊಳಗಿಟ್ಟು ಒಡೆಯದಂತೆ ಹೊರತೆಗೆಯಬೇಕು. ರಕ್ತಸ್ರಾವ ಕೈಮೀರುವಂತಿದ್ದರೆ ಉದರವನ್ನು ತೆರೆಯುವುದೇ ವಿವೇಕ. ಅದನ್ನು ಸೋಲೆಂದು ಎಣಿಸಬೇಕಾಗಿಲ್ಲ.

ಕೆಲವರಲ್ಲಿ ಈ ಗೆಡ್ಡೆಯೊಂದಿಗೆ ಬಾಯಿ, ತುಟಿಗಳು ಹುಣ್ಣಾಗುವ ಪೆಂಫಿಗಸ್ ತಲೆದೋರುತ್ತದೆ. ಅಂಥವರಲ್ಲಿ ಗೆಡ್ಡೆಯನ್ನು ಹಿಸುಕಿದರೆ ಹಾನಿಕಾರಕ ಪ್ರತಿಕಾಯಗಳು ರಕ್ತಕ್ಕೆ ಸೇರುವ ಭೀತಿಯಿದೆ. ನಾಳಗಳನ್ನು ಮೊದಲೇ ಮುಚ್ಚಬೇಕೆಂಬುದಕ್ಕೆ ಇದು ಇನ್ನೊಂದು ಕಾರಣ. ಗೆಡ್ಡೆ ಹೋದ ಮೇಲೆ ಹುಣ್ಣುಗಳು ಕ್ರಮೇಣ ಮಾಯಬಹುದು. ಜೊತೆಗೆ ಶ್ವಾಸಕೋಶದ ಕಿರುನಾಳಗಳೂ ಮುಚ್ಚಿಹೋಗಿದ್ದರೆ ಆ ಹಾನಿ ಸಾಮಾನ್ಯವಾಗಿ ಹಿಂದಿರುಗದು.