ಮಣ್ಣು ಮತ್ತು ಎಳೆ: ನೆಲ ಬಲಪಡಿಸುವ ಅರಿವಿನ ಎರಡು ನೆಲೆಗಳು

ಮಣ್ಣಿಗೆ ಭಾರವನ್ನು ಹೊರುವ ಗುಣವಿದೆ; ಸೆಳೆತವನ್ನು ತಾಳುವ ಗುಣ ತೀರ ಕಡಿಮೆ. ಈ ಕೊರತೆಯನ್ನು ಎಳೆಯುಳ್ಳ ವಸ್ತುವಿನಿಂದ ತುಂಬಬಹುದೆಂಬ ಅರಿವು ಜನಪದರಿಗೆ ಹೊಸತಲ್ಲ. ಗೋಡೆಯ ಮಣ್ಣಿಗೆ ಹುಲ್ಲನ್ನು ಬೆರೆಸಿ, ತುಳಿದು ಹದಗೊಳಿಸುವ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಿಗೆ ಪರಿಚಿತವಾದುದು. ಮಣ್ಣು ಒಣಗಿ ಕುಗ್ಗುವಾಗ ಬಿರುಕು ಹಿಗ್ಗದಂತೆ ಹುಲ್ಲಿನ ಎಳೆಗಳು ಹಿಡಿದಿಡುತ್ತವೆ. ಇರಾಕಿನ ಅಖರ್ ಕೂಫ್‌ನಲ್ಲಿರುವ, ಮೂರು ಸಾವಿರ ವರ್ಷಗಳಿಗೂ ಹಳೆಯದಾದ ಜಿಗುರಾತ್‌ನ ಹಸಿ ಇಟ್ಟಿಗೆಗಳ ವರಸೆಗಳ ನಡುವೆ ಜೊಂಡಿನ ಚಾಪೆಗಳನ್ನು ಹಾಸಿರುವುದೂ ಇದೇ ತಿಳಿವಳಿಕೆಯ ಫಲ.

ಆಧುನಿಕ ಎಂಜಿನಿಯರಿಂಗ್ ಈ ತತ್ತ್ವವನ್ನು ಲೆಕ್ಕಾಚಾರಕ್ಕೆ ಒಳಪಡಿಸಿತು. 1960ರ ದಶಕದಲ್ಲಿ ಫ್ರಾನ್ಸಿನ ಆನ್ರಿ ವಿದಾಲ್ ಲೋಹದ ಪಟ್ಟಿಗಳನ್ನು ಮಣ್ಣಿನ ಪದರಗಳ ನಡುವೆ ಹಾಸುವ ವಿಧಾನವನ್ನು ರೂಪಿಸಿದರು. ಮುಂದೆ ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್, ಪಾಲಿಥಿಲೀನ್‌ಗಳಿಂದ ತಯಾರಾದ ವಸ್ತುಗಳು ಬಳಕೆಗೆ ಬಂದವು. ‘ಜಿಯೋಟೆಕ್ಸ್‌ಟೈಲ್’ ಎಂಬ ಪದವನ್ನು ಜೆ. ಪಿ. ಜಿರೂ 1977ರಲ್ಲಿ ಬಳಕೆಗೆ ತಂದರು. ಈ ಬಗೆಯ ವಸ್ತುಗಳನ್ನು ಒಟ್ಟಾರೆಯಾಗಿ ಜಿಯೋಸಿಂಥೆಟಿಕ್ಸ್ ಎನ್ನಲಾಗುತ್ತದೆ.

ಇವುಗಳ ಕೆಲಸ ಒಂದೇ ಬಗೆಯದಲ್ಲ. ಜಿಯೋಗ್ರಿಡ್ ಎಂಬ ಜಾಲರಿಯ ಕಣ್ಣುಗಳಲ್ಲಿ ಜಲ್ಲಿ ಸಿಕ್ಕಿಕೊಳ್ಳುವುದರಿಂದ ಮಣ್ಣು ಜಾರದೆ ನಿಲ್ಲುತ್ತದೆ. ಜಿಯೋಟೆಕ್ಸ್‌ಟೈಲ್ ಬಟ್ಟೆ ನೀರನ್ನು ಹರಿಯಗೊಟ್ಟು ಮಣ್ಣಿನ ಕಣಗಳನ್ನು ತಡೆಯುತ್ತದೆ. ಜಿಯೋಮೆಂಬ್ರೇನ್ ಹಾಳೆ ನೀರು ಇಂಗದಂತೆ ಕಾಯುತ್ತದೆ. ಮಳೆಗಾಲದಲ್ಲಿ ಮೆತ್ತಗಾಗುವ ಉತ್ತರ ಕರ್ನಾಟಕದ ಎರೆಮಣ್ಣಿನಂಥ ನೆಲದ ಮೇಲೆ ರಸ್ತೆ ಮಾಡಿದರೆ ಜಲ್ಲಿ ಕೆಳಗಿಳಿದು, ಕೆಸರು ಮೇಲೇರುತ್ತದೆ. ಇವೆರಡರ ನಡುವೆ ಹಾಸಿದ ಬಟ್ಟೆ ಅವು ಬೆರೆಯದಂತೆ ನೋಡಿಕೊಳ್ಳುತ್ತದೆ.

ಸಂಶ್ಲೇಷಿತ ಎಳೆಯ ಬಲವೆಂದರೆ ಅದರ ಬಾಳಿಕೆ. ಮಣ್ಣಿನೊಳಗೆ ಅದು ಹುಲ್ಲಿನಂತೆ ಕೊಳೆಯುವುದಿಲ್ಲ. ಬಿಸಿಲಿಗೆ ಒಡ್ಡಿದರೆ ಮಾತ್ರ ಬೇಗ ಶಿಥಿಲವಾಗುತ್ತದೆ. ಆದರೆ ಎಲ್ಲ ಕಡೆಯೂ ಬಾಳಿಕೆಯೇ ಅಗತ್ಯವಲ್ಲ. ಇಳಿಜಾರಿನಲ್ಲಿ ಹಾಸಿದ ತೆಂಗಿನ ನಾರಿನ ಜಾಲ ಕೆಲವು ವರ್ಷಗಳಲ್ಲಿ ಮಣ್ಣಾಗುತ್ತದೆ. ಅಷ್ಟರಲ್ಲಿ ಬೆಳೆದ ಹುಲ್ಲಿನ ಬೇರು ನೆಲವನ್ನು ತನ್ನ ವಶಕ್ಕೆ ತೆಗೆದುಕೊಂಡಿರುತ್ತದೆ. ಗುಂಡ್ಲುಪೇಟೆ ಭಾಗದ ರೈತರು ಹೊಲದ ಅಂಚಿನಲ್ಲಿ ಲಾವಂಚವನ್ನು ಸಾಲಾಗಿ ಬೆಳೆಸಿ ಮಣ್ಣಿನ ಸವಕಳಿಯನ್ನು ತಡೆದದ್ದು, 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಆ ಹುಲ್ಲನ್ನು ಪ್ರಚುರಪಡಿಸುವುದಕ್ಕಿಂತ ಬಹಳ ಹಿಂದಿನಿಂದಲೇ.

ಕಾರ್ಖಾನೆಯ ಎಳೆಯ ಗುಣ ಕೋಷ್ಟಕಗಳಲ್ಲಿ ದಾಖಲಾಗಿರುತ್ತದೆ. ಮಣ್ಣು ತುಳಿಯುವವರ ಹದ ಅವರ ಕಾಲಿನಲ್ಲಿ, ಮಾತಿನಲ್ಲಿ ಮಾತ್ರ ಉಳಿದಿರುತ್ತದೆ. ಮಣ್ಣಿನ ಮನೆಗಳು ಮರೆಯಾದಂತೆ ಆ ಅರಿವೂ ಅಳಿಯುತ್ತದೆ. ಆದುದರಿಂದ ಅದನ್ನು ಕೇವಲ ಆಚರಣೆಯೆಂದು ನೋಡದೆ, ಪರೀಕ್ಷೆಗೆ ಅರ್ಹವಾದ ತಂತ್ರಜ್ಞಾನವೆಂದು ದಾಖಲಿಸುವುದು ಜಾನಪದ ಅಧ್ಯಯನದ ಹೊಣೆಯಾಗಿದೆ.